ಮರ್ಲಿನ್ ಓಟಿಯ ಓಟವನ್ನು ಪಟ್ಟಿಗಿಳಿಸಿದ ಅನುಭವ

ಯಾವುದೇ ಓಟಗಾರರ ಬಗ್ಗೆ ಬರೆಯುವ ಮೊದಲು ನಾನೊಂದು ಪಟ್ಟಿ ಹಾಕಿಕೊಳ್ಳುತ್ತೇನೆ: ಇಸವಿ, ಊರು, ಸ್ಪರ್ಧೆ, ಸಮಯ, ಸ್ಥಾನ. ವೇಗದ ಓಟಗಾರ್ತಿ ಮರ್ಲಿನ್ ಓಟಿಗೆ ಮಾತ್ರ ‘ದೇಶ’ ಅಂತ ಇನ್ನೊಂದು ಕಾಲಂ ಬೇಕಾಯಿತು. 1980ರ ಮಾಸ್ಕೊದಿಂದ 2004ರ ಅಥೆನ್ಸ್‌ವರೆಗೆ ಏಳು ಒಲಿಂಪಿಕ್ಸ್. ಆರು ಜಮೈಕಾಕ್ಕೆ, ಕೊನೆಯದು ಸ್ಲೊವೇನಿಯಾಕ್ಕೆ. (ಮಾಸ್ಕೊದಲ್ಲಿ ಅವರು 200 ಮೀಟರ್ ಕಂಚು ಗೆದ್ದಾಗ ಸ್ಲೊವೇನಿಯಾ ಇನ್ನೂ ಯುಗೊಸ್ಲಾವಿಯಾದೊಳಗೇ ಇತ್ತು.)

ಹೆಚ್ಚಿನ ಸಾಲುಗಳು ತಕರಾರಿಲ್ಲದೆ ತುಂಬಿದವು. ತಲೆ ತಿಂದದ್ದು ಸಿಡ್ನಿ, 2000. 100 ಮೀಟರ್ ಫೈನಲ್‌ನಲ್ಲಿ ಓಟಿ ನಾಲ್ಕನೆಯವರು. ಮುಂದೆ ಡೋಪಿಂಗ್ ಒಪ್ಪಿಕೊಂಡ ಮರಿಯನ್ ಜೋನ್ಸ್ ಚಿನ್ನ ಕಳೆದುಕೊಂಡರು. ಕಂಚು ಓಟಿಯ ಪಾಲಾದದ್ದು 2009ರಲ್ಲಿ. ಆ ಹೊತ್ತಿಗೆ ಅವರು ಸ್ಲೊವೇನಿಯಾದ ಪೌರತ್ವ ಪಡೆದು ಏಳು ವರ್ಷವಾಗಿತ್ತು. ಹಾಗಾದರೆ ಪದಕ ಯಾರ ಲೆಕ್ಕಕ್ಕೆ? ಜಮೈಕಾದ್ದೇ. ಓಡಿದ ದಿನ ಎದೆಯ ಮೇಲೆ ಯಾವ ದೇಶದ ಹೆಸರಿತ್ತೋ ಅದೇ ಲೆಕ್ಕ, ಪದಕ ಕೈಗೆ ಬಂದ ದಿನವಲ್ಲ. ಈ ಸೂತ್ರ ಹಿಡಿದ ಮೇಲೆ ಉಳಿದ ಗೊಂದಲ ತಾನಾಗಿಯೇ ಕರಗಿತು.

ಕಾಲಂ ತುಂಬಿದಾಗ ಕಂಡದ್ದು ಇದು: ಮೂರು ಬೆಳ್ಳಿ, ಆರು ಕಂಚು, ಒಟ್ಟು ಒಂಬತ್ತು ಒಲಿಂಪಿಕ್ ಪದಕಗಳೂ ಜಮೈಕಾದವು. ಸ್ಲೊವೇನಿಯಾದ ಪಾಲಿಗೆ ಒಲಿಂಪಿಕ್ಸ್‌ನಲ್ಲಿ ಸಿಕ್ಕಿದ್ದು ಅಥೆನ್ಸ್‌ನ 100 ಮೀಟರ್ ಸೆಮಿಫೈನಲ್, ಅದೂ 44ನೇ ವಯಸ್ಸಿನಲ್ಲಿ. ಹೀಗಿರುವಾಗ ‘ಪದಕದ ಆಸೆಗೆ ದೇಶ ಬಿಟ್ಟರು’ ಎಂದು ಬರೆಯಲು ಕೈ ಬರಲಿಲ್ಲ.

ಅಲ್ಲಿಂದ ಹಿಂದಕ್ಕೆ ಹೋದೆ. ಓಟಿ 1998ರಲ್ಲೇ ತರಬೇತಿಗೆಂದು ಸ್ಲೊವೇನಿಯಾದ ರಾಜಧಾನಿ ಲುಬ್ಲಿಯಾನಾಕ್ಕೆ ಹೋಗಿದ್ದರು. 1999ರಲ್ಲಿ ನ್ಯಾಂಡ್ರೊಲೋನ್ ಎಂಬ ನಿಷೇಧಿತ ಮದ್ದಿನ ಪ್ರಕರಣ, 2000ರಲ್ಲಿ ನಿಷೇಧ ತೆರವು. ಅದೇ ವರ್ಷ ಜಮೈಕಾದ ಆಯ್ಕೆ ಟ್ರಯಲ್ಸ್‌ನಲ್ಲಿ ನಾಲ್ಕನೆಯವರಾದರೂ ಬೇರೊಬ್ಬರ ಜಾಗದಲ್ಲಿ 100 ಮೀಟರ್‌ಗೆ ಇಳಿಸಲಾಯಿತು. ಇದನ್ನು ವಿರೋಧಿಸಿ ಸಿಡ್ನಿಯಲ್ಲಿ ಸ್ವಂತ ತಂಡದವರೇ ಪ್ರತಿಭಟನೆಗೆ ನಿಂತರು. 2002ರಲ್ಲಿ ಸ್ಲೊವೇನಿಯಾ ಪೌರತ್ವ. ಈ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ, ಓಡುವುದನ್ನು ಬಿಡಲೊಲ್ಲದವರು ಓಡಲು ಬಿಟ್ಟ ಕಡೆ ಹೋದರು ಅನ್ನಿಸುತ್ತದೆ. ಇದು ನನ್ನ ಓದು, ಅಷ್ಟೇ.

ಸಮಯದ ಕಾಲಂ ಮಾತ್ರ ಹೊಟ್ಟೆ ಉರಿಸುವಂಥದ್ದು. 1993ರ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಷಿಪ್‌ನ 100 ಮೀಟರ್‌ನಲ್ಲಿ ಅಮೆರಿಕದ ಗೇಲ್ ಡೆವರ್ಸ್ 10.82 ಸೆಕೆಂಡ್, ಓಟಿ 10.82. ಅಟ್ಲಾಂಟಾ 1996ರಲ್ಲಿ ಮತ್ತೆ ಅದೇ ಇಬ್ಬರು, ಇಬ್ಬರದೂ 10.94. ಎರಡೂ ಸಲ ಗೆರೆ ದಾಟಿದ ಫೋಟೊ ನೋಡಿ ಚಿನ್ನ ಡೆವರ್ಸ್‌ಗೆ ಹೋಯಿತು. ಇಲ್ಲಿ ಸೆಕೆಂಡಿನ ಅಂಕಿ ಬರೆದರೆ ಸಾಲದು, ‘ಫೋಟೊ ಫಿನಿಶ್’ ಅಂತ ಪಕ್ಕದಲ್ಲಿ ಷರಾ ಬೇಕು. ಇಲ್ಲದಿದ್ದರೆ ಓದುಗರು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ.

ಪಟ್ಟಿಯ ಕೊನೆಯ ಸಾಲು ಹೆಲ್ಸಿಂಕಿ, 2012: ಯುರೋಪಿಯನ್ ಚಾಂಪಿಯನ್‌ಷಿಪ್, 4x100 ರಿಲೇ, ಸ್ಲೊವೇನಿಯಾ, ವಯಸ್ಸು 52. ತಂಡ ಫೈನಲ್ ತಲುಪಲಿಲ್ಲ. ಆದರೂ ಆ ಸಾಲನ್ನು ಹೊಡೆದುಹಾಕಲಿಲ್ಲ.

ಇದೇ ಕಾಲಂ ಇಟ್ಟುಕೊಂಡು ಆಮೇಲೆ ಎರಡು ದೇಶಗಳಿಗೆ ಓಡಿದ ಇನ್ನೊಬ್ಬ ಓಟಗಾರ ಫ್ರಾನ್ಸಿಸ್ ಒಬಿಕ್ವೆಲು ಬಗ್ಗೆ ಬರೆದೆ. ಅಲ್ಲಿ ಚಿತ್ರ ತಿರುವುಮುರುವು: 1999ರ ವಿಶ್ವ ಚಾಂಪಿಯನ್‌ಷಿಪ್‌ನ 200 ಮೀಟರ್ ಕಂಚು ನೈಜೀರಿಯಾಕ್ಕೆ, 2004ರ ಅಥೆನ್ಸ್‌ನಲ್ಲಿ 9.86 ಓಡಿ ಗೆದ್ದ 100 ಮೀಟರ್ ಬೆಳ್ಳಿ ಪೋರ್ಚುಗಲ್‌ಗೆ. ಅವರ ದೊಡ್ಡ ಫಸಲು ಎರಡನೇ ದೇಶದಲ್ಲೇ ಬಂತು.