ತಾರ ಷಡ್ಜಕ್ಕೆ ಮೊದಲೇ ಜಾಗ ಇಡಬೇಕು

ಧಾರವಾಡದಲ್ಲಿ ಸಂಗೀತದ ಬೈಠಕ್ ಶೂಟ್ ಮಾಡುವುದು ಮದುವೆ ಶೂಟ್ ಮಾಡಿದ ಹಾಗಲ್ಲ. ಮದುವೆ ವಿಡಿಯೋದಲ್ಲಿ ಸೌಂಡ್ ಕೆಟ್ಟರೆ ಮೇಲೊಂದು ಹಾಡು ಹಾಕಬಹುದು. ಬೈಠಕ್‌ನಲ್ಲಿ ಚಿತ್ರ ಸ್ವಲ್ಪ ಕತ್ತಲಾದರೂ ನಡೆಯುತ್ತದೆ, ದನಿ ಕೆಟ್ಟರೆ ಎಲ್ಲಾ ಹೋಯಿತು. ಮಲ್ಲಿಕಾರ್ಜುನ ಮನ್ಸೂರರನ್ನು, ಬಸವರಾಜ ರಾಜಗುರುಗಳನ್ನು ಎದುರಿಗೆ ಕೂತು ಕೇಳಿದ ಹಿರಿಯರು ಇಲ್ಲಿ ಇನ್ನೂ ಮುಂದಿನ ಸಾಲಿನಲ್ಲಿ ಕೂರುತ್ತಾರೆ.

ಅಂಥ ಒಬ್ಬ ಹಿರಿಯರಿಗೆ ನನ್ನ ಮೊದಮೊದಲ ರೆಕಾರ್ಡಿಂಗ್ ಕೇಳಿಸಿದ್ದೆ. ಐದು ನಿಮಿಷ ಕೇಳಿ, "ತಮ್ಮಾ, ತಂಬೂರಿ ಯಾಕ ಹಿಂಗ ಉಬ್ಬತೈತಿ?" ಅಂದರು.

ನಿಜ. ಗಾಯಕರು ಉಸಿರಿಗೆ ನಿಂತಾಗಲೆಲ್ಲ ತಂಬೂರಿ ಮೇಲೇರುತ್ತಿತ್ತು. ತಬಲಾದ ಮೇಲೆ ಜೋರಾಗಿ 'ಧಾ' ಬಿದ್ದ ಕೂಡಲೇ ದನಿ ಕುಗ್ಗುತ್ತಿತ್ತು. ಕ್ಯಾಮೆರಾದಲ್ಲಿ ಆಡಿಯೋ ಆಟೋ ಮೇಲಿತ್ತು. ಸಣ್ಣ ಸದ್ದನ್ನು ಏರಿಸು, ದೊಡ್ಡ ಸದ್ದನ್ನು ಇಳಿಸು, ಆಟೋಗೆ ಗೊತ್ತಿರುವುದು ಅಷ್ಟೇ. ಸಂದರ್ಶನಕ್ಕೆ ಅದು ಸಾಕು. ಆದರೆ ಖಯಾಲ್ ಅಂದರೇನೇ ಮೆಲ್ಲಗೆ ಶುರುವಾಗಿ ಏರುತ್ತಾ ಹೋಗುವುದು, ಅಲ್ವಾ? ಆ ಏರಿಳಿತವನ್ನೇ ಆಟೋ ತಿಂದುಹಾಕಿತ್ತು. ಅವತ್ತಿನಿಂದ ಸಂಗೀತಕ್ಕೆ ನಾನು ಮ್ಯಾನುಯಲ್ ಬಿಟ್ಟು ಬೇರೆ ಇಟ್ಟಿಲ್ಲ.

ಮ್ಯಾನುಯಲ್‌ಗೆ ಬಂದ ಮೇಲೆ ಇನ್ನೊಂದು ತಪ್ಪು ಮಾಡಿದೆ. ಆಲಾಪ ಶುರುವಾದಾಗ ಮೀಟರ್ ನೋಡಿ, ಕಡಿಮೆ ಇದೆ ಅಂತ ಗೇನ್ (ಒಳಬರುವ ದನಿಯನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಗುಂಡಿ) ಏರಿಸಿದೆ. ನಿಧಾನ ಲಯದ ವಿಲಂಬಿತ್ ಚೆನ್ನಾಗಿ ಬಂತು. ಮುಕ್ಕಾಲು ಗಂಟೆ ಆದ ಮೇಲೆ ವೇಗದ ದ್ರುತ್‌ನಲ್ಲಿ ತಾರ ಷಡ್ಜ, ಅಂದರೆ ಮೇಲಿನ ಸಾ, ಹಿಡಿದಾಗ ದನಿ ಒಡೆದು ಚರ್ ಅಂದಿತು. ಡಿಜಿಟಲ್‌ನಲ್ಲಿ 0 ಡೆಸಿಬೆಲ್ ಅಂದರೆ ಗೋಡೆ. ಅದರಾಚೆಗೆ ಜಾಗವಿಲ್ಲ, ಒಡೆದ ದನಿಯನ್ನು ಆಮೇಲೆ ಕೂಡಿಸಲು ಬರುವುದಿಲ್ಲ. ಹಾಗಾಗಿ ಕಛೇರಿಯ ಅತಿ ಜೋರಾದ ಕ್ಷಣಕ್ಕೆ ಮೊದಲೇ ಜಾಗ ಇಟ್ಟು ಶುರು ಮಾಡಬೇಕು.

ಈಗ ನಾನು ಮಾಡುವುದು ಹೀಗೆ. ಕಲಾವಿದರು ಶ್ರುತಿ ಮಾಡಿಕೊಳ್ಳುವಾಗಲೇ ಹತ್ತಿರ ಹೋಗಿ, "ಗುರುಗಳೇ, ಒಂದ್ಸಲ ಮ್ಯಾಲಿನ ಸಾ ಹಚ್ರಿ" ಎಂದು ಕೇಳಿಕೊಳ್ಳುತ್ತೇನೆ. ತಬಲಾದವರಿಗೂ ನಾಲ್ಕು ಪೆಟ್ಟು ಜೋರಾಗಿ ಹೊಡೆಯಲು ಹೇಳುತ್ತೇನೆ. ಆಗ ಮೀಟರ್ ಮೈನಸ್ 12ರ ಹತ್ತಿರ, ಅಂದರೆ ಆ ಗೋಡೆಗಿಂತ 12 ಡೆಸಿಬೆಲ್ ಕೆಳಗೆ, ನಿಲ್ಲುವಂತೆ ಗೇನ್ ಇಡುತ್ತೇನೆ. ತಯಾರಿಯಲ್ಲಿ ಯಾರೂ ಪೂರ್ತಿ ದನಿ ತೆಗೆಯುವುದಿಲ್ಲ. ಸಭೆ ತುಂಬಿ, ಮನಸ್ಸು ಬಿಚ್ಚಿದಾಗ ಇನ್ನೂ 6 ಡೆಸಿಬೆಲ್ ಸುಲಭವಾಗಿ ಏರುತ್ತದೆ. ಏರಿ ಮೈನಸ್ 6ಕ್ಕೆ ಬಂದರೂ ಭಯವಿಲ್ಲ. ಆಲಾಪದಲ್ಲಿ ಮೀಟರ್ ಮೈನಸ್ 24ರ ಹತ್ತಿರ ಆಡುತ್ತಿರುತ್ತದೆ. ಕೈ ತುರಿಸುತ್ತದೆ, ಆದರೂ ಮುಟ್ಟಬಾರದು. ಕಡಿಮೆ ಬಂದದ್ದನ್ನು ಎಡಿಟಿಂಗ್‌ನಲ್ಲಿ ಏರಿಸಬಹುದು. ಹಾಗಂತ ತೀರಾ ಕೆಳಗೆ ಇಟ್ಟರೆ ಏರಿಸುವಾಗ ಉಸ್ ಅನ್ನುವ ಸದ್ದೂ ಜೊತೆಗೆ ಏರುತ್ತದೆ.

ನನ್ನ ಕ್ಯಾಮೆರಾದಲ್ಲಿ ಒಂದೇ ಮೈಕನ್ನು ಎರಡು ಚಾನೆಲ್‌ಗೂ ಕೊಡಬಹುದು. ಮೊದಲನೆಯದಕ್ಕೆ ಸರಿಯಾದ ಲೆವಲ್, ಎರಡನೆಯದಕ್ಕೆ ಅದಕ್ಕಿಂತ 10 ಡೆಸಿಬೆಲ್ ಕಡಿಮೆ. ಮೊದಲನೆಯದು ಒಡೆದ ಜಾಗದಲ್ಲಿ ಎರಡನೆಯದನ್ನು ಕೂಡಿಸುತ್ತೇನೆ. ಎಷ್ಟು ಸಲ ಇದು ನನ್ನ ಮಾನ ಉಳಿಸಿದೆಯೋ!

ಇಷ್ಟೆಲ್ಲ ಮೀಟರ್ ಮಾತಾಯಿತು. ಮೀಟರ್ ಎಷ್ಟು ಸದ್ದು ಅಂತ ಹೇಳುತ್ತದೆ, ಎಂಥ ಸದ್ದು ಅಂತ ಹೇಳುವುದಿಲ್ಲ. ಇದು ನನಗೆ ಗೊತ್ತಾದದ್ದು ಗದಗ ಕಡೆಯ ಒಂದು ಹಳ್ಳಿಯ ಜಾತ್ರೆಯಲ್ಲಿ. ರಾತ್ರಿ ಭಜನೆ. ಮೈಕ್‌ಸೆಟ್‌ನವರು ಮಿಕ್ಸರ್‌ನಿಂದ ಒಂದು ವೈರ್ ಕೊಟ್ಟರು. ಕ್ಯಾಮೆರಾದ ಸ್ವಿಚ್ ಲೈನ್‌ಗೆ (ಮಿಕ್ಸರ್‌ನಂಥ ದೊಡ್ಡ ಸಿಗ್ನಲ್‌ಗೆ) ಹಾಕುವ ಬದಲು ಮೈಕ್‌ನಲ್ಲೇ ಬಿಟ್ಟಿದ್ದೆ. ಸೌಂಡ್ ಜಾಸ್ತಿ ಬಂತು, ಗೇನ್ ಇಳಿಸಿದೆ, ಮೀಟರ್ ಮೈನಸ್ 12ಕ್ಕೆ ಚೆಂದಾಗಿ ನಿಂತಿತು. ಹೆಡ್‌ಫೋನ್ ಚೀಲದಲ್ಲೇ ಇತ್ತು. ಮನೆಗೆ ಬಂದು ಕೇಳಿದರೆ ಎರಡು ತಾಸಿನ ಭಜನೆ ಪೂರ್ತಿ ಒಡೆದಿತ್ತು. ಮಿಕ್ಸರ್‌ನಿಂದ ಬರುವ ಸಿಗ್ನಲ್ ಮೈಕಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದು ಗೇನ್‌ಗೆ ಬರುವ ಮೊದಲೇ, ಒಳಬಾಗಿಲಲ್ಲೇ ಒಡೆದಿತ್ತು. ಒಡೆದದ್ದನ್ನೇ ಸಣ್ಣ ಮಾಡಿ ಮೀಟರ್ ತೋರಿಸಿತು. ಭಜನೆ ಮಾಡಿದ ಅಜ್ಜಂದಿರಿಗೆ ಉತ್ತರ ಕೊಡುವಾಗ ಆದ ನೋವು ಇನ್ನೂ ಇದೆ.

ಈಗ ಮಿಕ್ಸರ್ ವೈರ್ ಹಾಕುವ ಮುಂಚೆ ಸ್ವಿಚ್ ಲೈನ್‌ಗೆ, ಕ್ಯಾಮೆರಾ ಮೈಕಿಗೆ ಕೊಡುವ 48 ವೋಲ್ಟ್ ಕರೆಂಟ್ ಆಫ್. ಆಮೇಲೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಸ್ಪೀಕರ್ ಹತ್ತಿರ ನಿಂತರೆ ಹೊರಗಿನ ಸದ್ದು ಅದರೊಳಗೂ ನುಗ್ಗುತ್ತದೆ. ಅದಕ್ಕೆ ಒಂದು ನಿಮಿಷ ರೆಕಾರ್ಡ್ ಮಾಡಿ, ಕ್ಯಾಮೆರಾ ಹೊರಗೆ ಒಯ್ದು, ಪ್ಲೇ ಮಾಡಿ ಕೇಳುತ್ತೇನೆ. ಗುಂಯ್ ಅಂತ ಸಣ್ಣ ಸದ್ದು ಇದ್ದರೆ ಮೊದಲು ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸುತ್ತೇನೆ. ಮಿಕ್ಸರ್ ಒಂದು ಕಡೆಯ ಕರೆಂಟಿಗೆ, ಕ್ಯಾಮೆರಾ ಇನ್ನೊಂದು ಕಡೆಗೆ ಇದ್ದಾಗ ಬರುವ ಕಾಟ ಅದು. ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ. ನನ್ನ ಜೊತೆ ಕಲಿಯುವ ಹುಡುಗರಿಗೆ ಮತ್ತೆ ಮತ್ತೆ ಹೇಳುವ ಮಾತು ಒಂದಿದೆ: ಹೆಡ್‌ಫೋನ್ ವಾಲ್ಯೂಮ್ ತಿರುಗಿಸಿದರೆ ರೆಕಾರ್ಡಿಂಗ್ ಲೆವಲ್ ಬದಲಾಗುವುದಿಲ್ಲ. ಲೆವಲ್‌ಗೆ ಮೀಟರ್, ಗುಣಕ್ಕೆ ಕಿವಿ.

ಹುಬ್ಬಳ್ಳಿಯ ಹೋಳಿಯಲ್ಲಿ ಜಗ್ಗಲಗಿ ಎಂಬ ದೊಡ್ಡ ಚರ್ಮವಾದ್ಯ ಶೂಟ್ ಮಾಡುವವರಿಗೂ ಇದೇ ಲೆಕ್ಕ. ಪಕ್ಕದಲ್ಲೇ ನಿಂತರೆ ಕ್ಯಾಮೆರಾದ ಮೈಕ್ ಆ ಹೊಡೆತವನ್ನು ತಡೆಯುವುದಿಲ್ಲ. ಹಿಂದೆ ಸರಿಯಿರಿ. ಬಯಲಲ್ಲಿ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ.

ಬೈಠಕ್‌ನಲ್ಲಿ ಕೊನೆಗೆ ಭೈರವಿ ಮುಗಿದಾಗ ಚಪ್ಪಾಳೆಗೆ ಮೀಟರ್ ಮೈನಸ್ 3ರ ತನಕ ಹಾರುತ್ತದೆ. ಹಾರಲಿ. ಅದಕ್ಕೆ ಹೆದರಿ ಗೇನ್ ಇಳಿಸಿದರೆ, ಚಪ್ಪಾಳೆ ನಿಂತ ಮೇಲೆ ಇನ್ನೂ ಮಿಡಿಯುತ್ತಿರುವ ತಂಬೂರಿ ಕೇಳುವುದಿಲ್ಲ. ಅದು ನಿಲ್ಲುವ ತನಕ ನಾನು ಸ್ಟಾಪ್ ಒತ್ತುವುದಿಲ್ಲ.