ಮಾಂಗಾ ಸಂಪುಟ ಓದಿ ಅಭಿಪ್ರಾಯ ಬರೆಯುವ ಬಗೆ

ಮಾಂಗಾ ಎಂದರೆ ಜಪಾನಿನ ಕಾಮಿಕ್ಸ್, ಚಿತ್ರದಲ್ಲೇ ಹೇಳುವ ಕಥೆ. ಅದರ ಹೊಸ ಸಂಪುಟ ಕೈಗೆ ಬಂದ ದಿನವೇ ಅಭಿಪ್ರಾಯ ಬರೆಯಬೇಡಿ. ಮೊದಲ ಓದಿನಲ್ಲಿ ನಾವು ಕಥೆಯ ಬೆನ್ನು ಹತ್ತಿರುತ್ತೇವೆ. ಮುಂದೇನಾಯಿತು ಎಂಬ ಆತುರದಲ್ಲಿ ಇನ್ನೂರು ಪುಟದ ಪುಸ್ತಕ ಒಂದು ತಾಸಿನೊಳಗೆ ಮುಗಿದುಹೋಗುತ್ತದೆ, ಮುಗಿದ ಮೇಲೆ ನೆನಪಿನಲ್ಲಿ ಉಳಿಯುವುದು ಯಾರು ಗೆದ್ದರು, ಯಾರು ಸತ್ತರು ಎಂಬುದಷ್ಟೇ. ಅದನ್ನೇ ಬರೆದಿಟ್ಟರೆ ಕಥೆಯ ಸಾರಾಂಶವಾಗುತ್ತದೆ. ಚಿತ್ರಕಥೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಮಾತನ್ನು ಆಡುವುದು ಗೆರೆ. ಆ ಗೆರೆ ಪುಟದ ಮೇಲೆ ಏನು ಮಾಡಿತು ಎಂಬುದನ್ನು ನೋಡಿ ಹೇಳಿದರೆ ಮಾತ್ರ ನಮ್ಮ ಅಭಿಪ್ರಾಯ ಇನ್ನೊಬ್ಬ ಓದುಗನಿಗೆ ಉಪಯೋಗಕ್ಕೆ ಬರುತ್ತದೆ.

ನಾನು ವಿಮರ್ಶೆಯನ್ನು ಅಭ್ಯಾಸ ಮಾಡಿದವಳಲ್ಲ, ಬಿಡುವಿನಲ್ಲಿ ಓದುವವಳು. ನನ್ನ ಮನೆ ಕಾರವಾರದ ಕೋಡಿಬಾಗದಲ್ಲಿದೆ, ಅಕ್ಕನ ಮಗ ಶಿರಸಿಯಲ್ಲಿ ಕಾಲೇಜು ಓದುತ್ತಿದ್ದಾನೆ. ಇಬ್ಬರೂ ಕೊಂಡ ಸಂಪುಟಗಳನ್ನು ಅದಲುಬದಲು ಮಾಡಿಕೊಳ್ಳುತ್ತೇವೆ. ದೇವಿಮನೆ ಘಟ್ಟ ಇಳಿದು ಬರುವ ಬಸ್ಸಿನಲ್ಲಿ ಪರಿಚಯದವರು ಯಾರಾದರೂ ಬರುವುದಿದ್ದರೆ ಅವರ ಚೀಲದಲ್ಲಿ ಎರಡು ಪುಸ್ತಕ ಬರುತ್ತವೆ, ಅವರು ಹಿಂತಿರುಗುವಾಗ ಇಲ್ಲಿಂದ ಎರಡು ಹೋಗುತ್ತವೆ, ಮತ್ತು ಪ್ರತಿಯೊಂದರೊಳಗೂ ಓದಿದವರು ಬರೆದ ಒಂದು ಚೀಟಿ ಇರುತ್ತದೆ. ಮುಂದೆ ಹೇಳುವುದೆಲ್ಲವೂ ಆ ಚೀಟಿಗಳನ್ನು ಬರೆಯುತ್ತ ಕಲಿತದ್ದು.

ಮೊಟ್ಟಮೊದಲು ಓದುವ ದಿಕ್ಕು ಕಣ್ಣಿಗೆ ರೂಢಿಯಾಗಬೇಕು. ಜಪಾನಿನ ಮಾಂಗಾ ಬಲದಿಂದ ಎಡಕ್ಕೆ ಸಾಗುತ್ತದೆ. ನಮಗೆ ಹಿಂಬದಿಯೆಂದು ಕಾಣುವುದೇ ಅದರ ಮುಖಪುಟ. ಪುಟದೊಳಗೂ ಬಲಗಡೆಯ ಮೇಲಿನ ಚೌಕಟ್ಟಿನಿಂದ ಆರಂಭಿಸಿ ಎಡಗಡೆಯ ಕೆಳಮೂಲೆಗೆ ಇಳಿಯಬೇಕು, ಚೌಕಟ್ಟಿನೊಳಗಿನ ಮಾತಿನ ಗುಳ್ಳೆಗಳಿಗೂ ಅದೇ ಕ್ರಮ. ಕನ್ನಡ ಓದಿ ಪಳಗಿದ ಕಣ್ಣು ಪುಟ ಸರಿಯಾಗಿ ತಿರುವಿದರೂ ಚೌಕಟ್ಟಿನೊಳಗೆ ತಪ್ಪುತ್ತದೆ. "ಚಿಕ್ಕಿ, ನೀನು ಉತ್ತರ ಮೊದ್ಲು ಓದಿ ಪ್ರಶ್ನೆ ಆಮೇಲೆ ಓದ್ತಾ ಇದ್ದೀಯ ನೋಡು" ಎಂದು ನನ್ನ ಪಕ್ಕ ಕುಳಿತಿದ್ದ ಅಕ್ಕನ ಮಗ, ಆ ಹುಡುಗ, ಹೇಳುವವರೆಗೂ, ಆ ಪಾತ್ರಗಳ ಮಾತು ಏಕೆ ಅಷ್ಟು ತೊಡಕಾಗಿದೆ ಎಂಬುದು ನನಗೆ ಹೊಳೆದಿರಲಿಲ್ಲ. ಸಂಭಾಷಣೆ ಸಪ್ಪೆಯೆಂದು ತೀರ್ಮಾನಿಸುವ ಮೊದಲು ಆ ಪುಟವನ್ನು ಇನ್ನೊಮ್ಮೆ ಸರಿಯಾದ ಕ್ರಮದಲ್ಲಿ ಓದಿ.

ಈ ದಿಕ್ಕು ತಿಳಿದ ಮೇಲೆ ಚಿತ್ರಕಾರನ ಕೌಶಲ ಕಾಣುವ ಒಂದು ಜಾಗ ತಾನಾಗಿ ತೆರೆದುಕೊಳ್ಳುತ್ತದೆ. ಎರಡು ಪುಟಗಳನ್ನು ಅಗಲವಾಗಿ ಬಿಚ್ಚಿಟ್ಟಾಗ ನಾವು ಕೊನೆಗೆ ತಲುಪುವುದು ಎಡಪುಟದ ಕೆಳಗಿನ ಎಡಮೂಲೆಗೆ. ಪುಟ ತಿರುವಬೇಕೆನಿಸುವ ಚಿಕ್ಕ ಪ್ರಶ್ನೆಯನ್ನು, ಬೆಚ್ಚಿದ ಮುಖವನ್ನು ಅಥವಾ ಅರ್ಧಕ್ಕೆ ನಿಂತ ಮಾತನ್ನು ಆ ಮೂಲೆಯಲ್ಲಿಟ್ಟು, ತಿರುವಿದೊಡನೆ ಬಲಪುಟದಲ್ಲಿ ದೊಡ್ಡ ಚಿತ್ರದಿಂದ ಉತ್ತರಿಸುವುದು ಈ ಕಲೆಯ ಹಳೆಯ ವರಸೆ. ಎರಡನೆಯ ಓದಿನಲ್ಲಿ ಎಡಪುಟದ ಆ ಮೂಲೆಗಳನ್ನಷ್ಟೇ ನೋಡುತ್ತ ಹೋಗಿ. ಪ್ರತಿ ಮೂಲೆಯಲ್ಲೂ ಬೊಬ್ಬೆ ಹಾಕುವ ಸಂಪುಟ ಯಾವುದು, ಬೇಕಾದ ಕಡೆ ಮಾತ್ರ ತಡೆದು ನಿಲ್ಲಿಸುವ ಸಂಪುಟ ಯಾವುದು ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಹೀಗೆ ಆಗುವುದಕ್ಕೆ ಕಾರಣ ಪುಸ್ತಕದ ಹುಟ್ಟಿನಲ್ಲೇ ಇದೆ. ಸಂಪುಟವೆಂದು ನಾವು ಕೊಳ್ಳುವುದು ಮೊದಲು ಪತ್ರಿಕೆಯಲ್ಲಿ ಕಂತುಕಂತಾಗಿ ಬಂದದ್ದರ ಕಟ್ಟು. 1968ರಲ್ಲಿ ಆರಂಭವಾದ ಶೋನೆನ್ ಜಂಪ್‌ನಂಥ ವಾರಪತ್ರಿಕೆಯಲ್ಲಿ ಒಂದು ಕಂತು ಸುಮಾರು 20 ಪುಟದ್ದು; ಅಂಥ ಒಂಬತ್ತು ಹತ್ತು ಕಂತು ಸೇರಿದರೆ ಒಂದು ಸಂಪುಟ. ಓದುಗರು ಸಮೀಕ್ಷೆಯ ಮೂಲಕ ತಮ್ಮ ಇಷ್ಟ ತಿಳಿಸುತ್ತಾರೆ, ಹಿಂದೆ ಬಿದ್ದ ಕಥೆಯನ್ನು ಪತ್ರಿಕೆ ನಿಲ್ಲಿಸಿಬಿಡುತ್ತದೆ, ಆದ್ದರಿಂದ ಪ್ರತಿ ಕಂತಿನ ಕೊನೆಯಲ್ಲೂ ಮುಂದಿನ ವಾರಕ್ಕೆ ಒಂದು ಕೊಕ್ಕೆ ಬೇಕು. ವಾರಕ್ಕೊಂದರಂತೆ ಓದಿದವನಿಗೆ ಹಿತವಾದ ಆ ಕೊಕ್ಕೆ, ಒಂದೇ ಕೂರಿಕೆಯಲ್ಲಿ ಹತ್ತನ್ನೂ ಓದಿದವನಿಗೆ ದಣಿವು ತರುತ್ತದೆ. ಹಾಗಾಗಿ ಒಂದು ಸಂಪುಟವನ್ನು ಎರಡು ಮೂರು ದಿನಕ್ಕೆ ಹಂಚಿಕೊಂಡು ಓದಿ, ಆಮೇಲೆ ಅದರ ವೇಗದ ಬಗ್ಗೆ ಮಾತಾಡಿ. ಹೊಸ ಕಂತುಗಳ ರುಚಿ ನೋಡಲು ಶೂಏಷಾ ಪ್ರಕಾಶನದವರು 2019ರಲ್ಲಿ ತೆರೆದ ಮಾಂಗಾ ಪ್ಲಸ್ ಎಂಬ ಆ್ಯಪ್ ಇದೆ. ಬಹುಪಾಲು ಕಥೆಗಳ ಮೊದಲ ಮೂರು ಮತ್ತು ಇತ್ತೀಚಿನ ಮೂರು ಕಂತುಗಳನ್ನು ಅಲ್ಲಿ ಹಣ ಕೊಡದೆ ಓದಬಹುದು.

ಕೈಯಲ್ಲಿರುವ ಪ್ರತಿ ಅಸಲಿಯೇ ಎಂಬುದನ್ನು ನೋಡಿಕೊಳ್ಳುವುದು ಇನ್ನೂ ಮುಖ್ಯ. ಮಾಂಗಾದಲ್ಲಿ ಬೂದು ಬಣ್ಣದಂತೆ ಕಾಣುವುದು ನಿಜವಾಗಿ ಬೂದು ಬಣ್ಣವಲ್ಲ, ಅದು ಒತ್ತೊತ್ತಾಗಿ ಕುಳಿತ ಸಣ್ಣ ಕಪ್ಪು ಚುಕ್ಕೆಗಳು. ಅಚ್ಚಾದ ಪುಟವನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದಾಗ ಆ ಚುಕ್ಕೆಗಳು ಒಂದಕ್ಕೊಂದು ಅಂಟಿ ಮಸಿಯಾಗುತ್ತವೆ, ಇಲ್ಲವೇ ನೀರಿನ ಅಲೆಯಂಥ ಪಟ್ಟೆಗಳು ಮೂಡುತ್ತವೆ. ಯುಕಿನೋಬು ತಾತ್ಸು ಅವರ ಡಾಂಡಾಡಾನ್‌ನ ಮೊದಲ ಸಂಪುಟವನ್ನು ನಾನು ಅಗ್ಗವಾಗಿ ಸಿಕ್ಕಿತೆಂದು ಬೇರೆ ಊರಿಗೆ ಹೋದಾಗ ಬೀದಿಬದಿಯ ಅಂಗಡಿಯೊಂದರಲ್ಲಿ ಕೊಂಡಿದ್ದೆ. "ಗೆರೆಗಳು ಕಿಕ್ಕಿರಿದಿವೆ, ಹಿನ್ನೆಲೆಯೆಲ್ಲ ಮಸಿ ಬಳಿದಂತಿದೆ" ಎಂದು ಚೀಟಿ ಬರೆದು ಶಿರಸಿಗೆ ಕಳಿಸಿದೆ. ಎರಡು ತಿಂಗಳ ನಂತರ ಹುಡುಗ ತನ್ನ ಗೆಳೆಯನಿಂದ ಅಸಲಿ ಪ್ರತಿ ತಂದು ಎರಡನ್ನೂ ಪಕ್ಕಪಕ್ಕ ತೆರೆದಿಟ್ಟ. ನಾನು ಮಸಿ ಎಂದು ಬರೆದ ಜಾಗದಲ್ಲಿ ಕಿಟಕಿಯ ಸರಳು, ಗೋಡೆಯ ಬಿರುಕು, ಒಂದೊಂದು ಎಲೆ ಬಿಡಿಬಿಡಿಯಾಗಿ ಕಾಣುತ್ತಿತ್ತು. ಅಷ್ಟು ದುಡಿದ ಚಿತ್ರಕಾರನ ಮೇಲೆ ನಾನು ಹೊರಿಸಿದ ಆರೋಪವನ್ನು ನೆನೆದರೆ ಇಂದಿಗೂ ಬೇಸರವಾಗುತ್ತದೆ. ಬೆನ್ನಿನ ಹತ್ತಿರ ಮಾತಿನ ಗುಳ್ಳೆ ಅರ್ಧ ಕತ್ತರಿಸಿದ್ದರೆ, ಕಾಗದ ತೀರ ತೆಳುವಾಗಿ ಹಿಂದಿನ ಪುಟದ ಚಿತ್ರ ಇತ್ತ ಕಾಣುತ್ತಿದ್ದರೆ, ಚುಕ್ಕೆಗಳಲ್ಲಿ ಪಟ್ಟೆ ಮೂಡಿದ್ದರೆ ಅದು ನಕಲಿಯಾಗಿರುವ ಸಾಧ್ಯತೆ ಹೆಚ್ಚು. ಅದನ್ನೋದಿ ಚಿತ್ರದ ಬಗ್ಗೆ ಒಂದು ಮಾತನ್ನೂ ಬರೆಯಬಾರದು.

ಇನ್ನು ಹತ್ತಿರದಿಂದ ನೋಡುವುದೆಂದರೆ ಏನೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ರ್ಯೋಕೊ ಕುಯಿ ಅವರ ಡೆಲಿಷಿಯಸ್ ಇನ್ ಡಂಜನ್ 2014ರಿಂದ 2023ರವರೆಗೆ ನಡೆದು 14 ಸಂಪುಟಗಳಲ್ಲಿ ಮುಗಿದ ಕಥೆ. ಡ್ರ್ಯಾಗನ್ ನುಂಗಿದ ತಂಗಿಯನ್ನು ಬಿಡಿಸಿಕೊಳ್ಳಲು ನೆಲದಡಿಯ ಚಕ್ರವ್ಯೂಹದಂಥ ಸುರಂಗಗಳಿಗೆ ಇಳಿದವರ ಬಳಿ ಬುತ್ತಿಗೂ ಹಣವಿಲ್ಲ. ಅವರು ಅಲ್ಲಿನ ವಿಚಿತ್ರ ಜೀವಿಗಳನ್ನೇ ಬೇಯಿಸಿ ತಿನ್ನುತ್ತಾರೆ. ಮೊದಲ ಅಡುಗೆ ದೊಡ್ಡ ಚೇಳು ಮತ್ತು ನಡೆದಾಡುವ ಅಣಬೆಯ ಸಾರು. ಸೆನ್ಶಿ ಎಂಬ ಕುಳ್ಳ ಗಡ್ಡದ ಅಡುಗೆಯವನು ಚೇಳಿನ ಕೊಂಡಿ, ಬಾಲ, ಕಾಲುಗಳನ್ನು ತೆಗೆದು, ಮೈಗೆ ಕತ್ತಿಯಿಂದ ಸೀಳು ಹಾಕುತ್ತಾನೆ. ಹಾಗೆ ಸೀಳಿದರೆ ಬೇಗ ಬೇಯುತ್ತದೆ, ಸಾರಿಗೂ ರುಚಿ ಇಳಿಯುತ್ತದೆ ಎನ್ನುತ್ತಾನೆ. ಏಡಿ ಬಿಡಿಸಿ ಗೊತ್ತಿರುವ ಕರಾವಳಿಯ ಯಾರೂ ಈ ಪುಟವನ್ನು ದಾಟಿ ಹೋಗಲಾರರು. ನಮ್ಮ ಆಯಿ ಏಡಿಯ ಕಾಲು ಮುರಿದು, ಚಿಪ್ಪು ಎತ್ತಿ, ಮೈಯನ್ನು ಎರಡು ಹೋಳು ಮಾಡುವಾಗ ಬೆರಳು ಎಲ್ಲಿರುತ್ತವೆಯೋ ಸೆನ್ಶಿಯ ಬೆರಳುಗಳೂ ಅಲ್ಲೇ ಇವೆ. ಇಲ್ಲದ ಪ್ರಾಣಿಯೊಂದನ್ನು ನಂಬಿಸುವುದಕ್ಕೆ ಕುಯಿ ಅವರು ಹಿಡಿದ ದಾರಿ ಇದು: ಪ್ರಾಣಿ ಕಲ್ಪನೆಯದು, ಅದನ್ನು ಹಿಡಿದ ಕೈ ಮಾತ್ರ ನಿಜವಾದದ್ದು. ಈ ಸಂಪುಟದ ಬಗ್ಗೆ "ಕಲ್ಪನೆ ಚೆನ್ನಾಗಿದೆ" ಎಂದು ಬರೆದಿದ್ದರೆ ಯಾವ ಪುಸ್ತಕಕ್ಕೂ ಹೊಂದುವ ಮಾತಾಗುತ್ತಿತ್ತು. ಬೆರಳುಗಳ ಬಗ್ಗೆ ಬರೆದದ್ದು ಈ ಪುಸ್ತಕಕ್ಕೆ ಮಾತ್ರ ಹೊಂದುತ್ತದೆ. ನಿಮ್ಮ ಚೀಟಿಯಲ್ಲಿ ಹೀಗೆ ಒಂದಾದರೂ ಪುಟದ ಸಂಖ್ಯೆ ಇರಲಿ, ಆ ಪುಟದಲ್ಲಿ ಕಣ್ಣು ಏಕೆ ನಿಂತಿತು ಎಂಬುದು ಇರಲಿ.

ಕಥೆಯ ತಿರುವನ್ನು ಬಿಟ್ಟುಕೊಡದೆ ಬರೆಯುವುದು ಹೇಗೆಂದು ಹಲವರು ಚಿಂತಿಸುತ್ತಾರೆ. ಯಕ್ಷಗಾನ ನೋಡಿ ಬೆಳೆದ ಜಿಲ್ಲೆಯವರಿಗೆ ಈ ಚಿಂತೆ ಬೇಡ. ಭಸ್ಮಾಸುರ ಕೊನೆಗೆ ತನ್ನ ತಲೆಯ ಮೇಲೆ ತಾನೇ ಕೈಯಿಡುತ್ತಾನೆಂದು ಗೊತ್ತಿದ್ದೂ ಜನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಲು ನಿದ್ದೆಗೆಟ್ಟು ಕೂರುತ್ತಿದ್ದರು, ಬೆಳಿಗ್ಗೆ ಚಹಾ ಕುಡಿಯುತ್ತ ಪ್ರವೇಶ ಹೇಗಿತ್ತು, ಭಾಗವತರು ಆ ಪದವನ್ನು ಎಷ್ಟು ಎಳೆದರು, ಚಂಡೆ ಎಲ್ಲಿ ನಿಂತಿತು ಎಂದು ಚರ್ಚಿಸುತ್ತಿದ್ದರು. ಸಂಪುಟದ ಬಗ್ಗೆಯೂ ಹಾಗೆಯೇ ಮಾತಾಡಿ. ಏನಾಯಿತು ಎಂಬುದನ್ನು ಬಿಟ್ಟು ಹೇಗೆ ತೋರಿಸಿದರು ಎಂಬುದನ್ನು ಹೇಳಿದರೆ ಓದದವರ ಕುತೂಹಲವೂ ಕೆಡುವುದಿಲ್ಲ, ಓದಿದವರಿಗೂ ಹೊಸದೇನಾದರೂ ಸಿಗುತ್ತದೆ.

ಹೊಗಳಿಕೆ ಅಥವಾ ದೂರು ಯಾರಿಗೆ ಸಲ್ಲಬೇಕು ಎಂಬುದನ್ನೂ ನೋಡಿಕೊಳ್ಳಬೇಕು. 2020ರಲ್ಲಿ ಆರಂಭವಾದ ಫ್ರೀರೆನ್ ಎಂಬ ಮಾಂಗಾದ ಕಥೆ ಕಾನೆಹಿತೊ ಯಮಾದಾ ಅವರದು, ಚಿತ್ರ ತ್ಸುಕಾಸಾ ಆಬೆ ಅವರದು. ಅಮೆರಿಕದ ಕಾಮಿಕ್ಸ್‌ಗಳಲ್ಲಿ ಪೆನ್ಸಿಲ್ ಗೆರೆ, ಮಸಿ, ಬಣ್ಣ, ಅಕ್ಷರ ಒಂದೊಂದೂ ಬೇರೆಬೇರೆಯವರ ಕೈಯಲ್ಲಿ ಆಗಬಹುದು. ಹೆಸರುಗಳು ಮೊದಲ ಪುಟಗಳಲ್ಲೇ ಇರುತ್ತವೆ, ಅರ್ಧ ನಿಮಿಷದ ಕೆಲಸ.

ಅನುವಾದದ ಮಾತಿಗೆ ಸ್ವಲ್ಪ ಹೆಚ್ಚು ಜಾಗ ಬೇಕು, ಏಕೆಂದರೆ ನಾವು ಓದುವುದು ಬಹುತೇಕ ಇಂಗ್ಲಿಷ್ ಪ್ರತಿಗಳನ್ನು, ಬರೆಯುವುದು ಕನ್ನಡದಲ್ಲಿ. ಮಾಂಗಾದ ಪುಟದಲ್ಲಿ ಶಬ್ದವೂ ಚಿತ್ರದ ಭಾಗವೇ. ಮಳೆ, ಬಾಗಿಲು, ಎದೆಬಡಿತ ಎಲ್ಲಕ್ಕೂ ಜಪಾನಿ ಅಕ್ಷರಗಳನ್ನು ಗೆರೆಯ ಜೊತೆಗೇ ಬರೆದಿರುತ್ತಾರೆ. ಮೌನಕ್ಕೂ ಅಲ್ಲಿ ಒಂದು ಶಬ್ದವಿದೆ, 'ಶೀನ್' ಎಂದು. ಇಂಗ್ಲಿಷ್ ಪ್ರತಿಯಲ್ಲಿ ಅದು ಹಲವು ಸಲ ಬರಿಯ 'ಮೌನ' ಎಂಬ ಅರ್ಥದ ಪದವಾಗಿ ಮೂಲೆಯಲ್ಲಿ ಕುಳಿತಿರುತ್ತದೆ. ಕನ್ನಡದ ಓದುಗನಿಗೆ ಇದು ಅಪರಿಚಿತವಲ್ಲ. ಜನರಿಲ್ಲದ ಮನೆ ನಮ್ಮಲ್ಲಿ ಬಿಕೋ ಎನ್ನುತ್ತದೆ, ಕತ್ತಲೆ ಗವ್ವೆನ್ನುತ್ತದೆ. ಆ ಚೌಕಟ್ಟನ್ನು ವಿವರಿಸುವಾಗ "ಸಭಾಂಗಣ ಬಿಕೋ ಎನ್ನುತ್ತಿತ್ತು" ಎಂದು ಬರೆದರೆ ಇಂಗ್ಲಿಷ್‌ನಲ್ಲಿ ತಪ್ಪಿಹೋದದ್ದು ಚೀಟಿಗೆ ಮರಳಿ ಬರುತ್ತದೆ. ನಮ್ಮ ಭಾಷೆಯಲ್ಲಿ ಮಾಂಗಾದ ಬಗ್ಗೆ ಬರೆಯಬೇಕೆಂದು ನನಗೆ ಇಷ್ಟು ಅನಿಸುವುದು ಈ ಕಾರಣಕ್ಕೇ.

ಎಷ್ಟು ಓದಿದ್ದೀರಿ ಎಂಬುದನ್ನು ಚೀಟಿಯ ಮೊದಲ ಸಾಲಿನಲ್ಲೇ ಹೇಳಿಬಿಡಿ. 1997ರಲ್ಲಿ ಆರಂಭವಾದ ಎಇಚಿರೊ ಓಡಾ ಅವರ ಒನ್ ಪೀಸ್‌ನ ಸಂಪುಟಗಳು 110ನ್ನು ದಾಟಿವೆ. ಅದರ ಮೂರು ಸಂಪುಟ ಓದಿದವನ ಮಾತಿಗೂ ಬೆಲೆಯಿದೆ, ಮೂರೇ ಓದಿದ್ದೇನೆಂದು ಅವನು ಹೇಳಿದ್ದರೆ. ಹೊಸಬರಿಗೆ ಮುಗಿದ ಕಥೆಗಳೇ ಒಳ್ಳೆಯದು: ಡೆತ್ ನೋಟ್ 12 ಸಂಪುಟ, ಡೀಮನ್ ಸ್ಲೇಯರ್ 23. ಮುಗಿದ ಕಥೆಯಲ್ಲಿ ಅಂತ್ಯವನ್ನೂ ತೂಗಿ ನೋಡಬಹುದು. 2024ರಲ್ಲಿ ಪತ್ರಿಕೆಯಲ್ಲಿ ಮುಗಿದು 30 ಸಂಪುಟವಾದ ಜುಜುತ್ಸು ಕೈಸೆನ್‌ನ ಕೊನೆಯ ಭಾಗದಲ್ಲಿ ಹೊಡೆದಾಟದ ಚಿತ್ರಗಳು ಬಿರುಸಾಗಿವೆ, ಆದರೆ ಸತ್ತವರಿಗಾಗಿ ಉಳಿದವರು ಅಳುವುದಕ್ಕೆ ಪುಟವೇ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಹುಡುಗ ಇದನ್ನು ಒಪ್ಪುವುದಿಲ್ಲ. ಅವನ ಚೀಟಿಯೂ ಅದೇ ಸಂಪುಟದೊಳಗೆ ನನ್ನದರ ಪಕ್ಕದಲ್ಲೇ ಇದೆ.

ಮಕ್ಕಳ ಕೈಗೆ ಕೊಡುವ ಮೊದಲು ಹಿಂಬದಿಯ ವಯಸ್ಸಿನ ಸೂಚನೆ ನೋಡಿ. ಮಳೆಗಾಲದಲ್ಲಿ ನಮ್ಮ ಕಡೆಯ ತೇವಕ್ಕೆ ಕಾಗದ ಉಬ್ಬಿ ಬೆನ್ನಿನ ಅಂಟು ಬಿಡುತ್ತದೆ. ಓದಿದ ಕೂಡಲೇ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಓದುವ ನಡುವೆ ಪುಟ ತೆರೆದು ಬೋರಲಾಗಿ ಮಾತ್ರ ಇಡಬೇಡಿ.

ಕೊನೆಯದಾಗಿ, ಫ್ರೀರೆನ್ ಮೊದಲ ಸಂಪುಟಕ್ಕೆ ನಾನು ಬರೆದ ಚೀಟಿಯನ್ನು ಮಾದರಿಯೆಂದು ಕೊಡುತ್ತೇನೆ, ಉದ್ದ ಇಷ್ಟೇ ಇದ್ದರೆ ಸಾಕು. "ಈ ಒಂದೇ ಸಂಪುಟ ಓದಿದ್ದೇನೆ, ಎರಡು ಸಲ. ಸಾವಿರ ವರ್ಷಕ್ಕೂ ಮೀರಿ ಬದುಕುವವಳೊಬ್ಬಳು ಹತ್ತು ವರ್ಷ ಜೊತೆಗಿದ್ದ ಗೆಳೆಯರನ್ನು ಬಿಟ್ಟು ಹೋಗಿ ಐವತ್ತು ವರ್ಷದ ಮೇಲೆ ತಿರುಗಿ ಬರುತ್ತಾಳೆ. ಆ ಐವತ್ತು ವರ್ಷಕ್ಕೆ ಚಿತ್ರಕಾರರು ಹೆಚ್ಚು ಪುಟ ಕೊಟ್ಟಿಲ್ಲ. ಅವಳಿಗೆ ಅದು ಎಷ್ಟು ಚಿಕ್ಕದೋ ನಮ್ಮ ಕೈಗೂ ಅಷ್ಟೇ ಚಿಕ್ಕದಾಗಿ ಬರುತ್ತದೆ. ಅವಳ ಮುಖ ಮೊದಲಿನಂತೆಯೇ ಇದೆ, ಎದುರಿಗಿರುವವನು ಮುದುಕನಾಗಿದ್ದಾನೆ, ಆ ಎರಡು ಮುಖಗಳ ನಡುವಿನ ವ್ಯತ್ಯಾಸವೇ ಕಥೆ. ನಂತರದ ಕೆಲವು ಅಧ್ಯಾಯಗಳು ಒಂದೇ ಅಚ್ಚಿನವು ಅನಿಸಿತು. ಅಂತ್ಯಕ್ರಿಯೆಯ ಪುಟವನ್ನು ಅವಸರದಲ್ಲಿ ಓದಬೇಡ, ರಾತ್ರಿ ಓದು."

ಚೀಟಿಯನ್ನು ಮುಖಪುಟದ ಒಳಗಿಡದೆ ಕೊನೆಯ ಪುಟದಲ್ಲಿಡಿ. ಮುಂದಿನವರು ತಮ್ಮ ಓದು ಮುಗಿಸಿದ ಮೇಲೆಯೇ ಅದು ಅವರ ಕಣ್ಣಿಗೆ ಬೀಳಲಿ.