ಅರಮನೆಯ ಸೊಸೆಯಾದ ಪತ್ರಕರ್ತೆ: ವ್ಯಕ್ತಿಚಿತ್ರ ಬರೆಯುವ ಬಗೆ

ಹಾಸನದಲ್ಲಿ ಪತ್ರಿಕೋದ್ಯಮ ಓದುವವರು ವ್ಯಕ್ತಿಚಿತ್ರ ಬರೆದು ಕೈ ಪಳಗಿಸಿಕೊಳ್ಳಲು ಸ್ಪೇನಿನ ರಾಣಿ ಲೆಟೀಸಿಯಾ ಅವರ ಬದುಕು ತಕ್ಕ ವಸ್ತು. ಬರೆಯಲು ಕೂತವರೆಲ್ಲ ಮದುವೆಯಿಂದಲೇ ಆರಂಭಿಸುವುದರಿಂದ ಅವರ ವೃತ್ತಿಜೀವನ ಒಂದೇ ಸಾಲಿಗೆ ಇಳಿದುಬಿಡುತ್ತದೆ. ಆದ್ದರಿಂದ ಮೊದಲು 2003ರ ಅಕ್ಟೋಬರ್‌ವರೆಗಿನ ವಿವರಗಳನ್ನಷ್ಟೇ ಇಸವಿವಾರು ಬರೆದುಕೊಳ್ಳಿ.

ಅವರು ಹುಟ್ಟಿದ್ದು 1972ರ ಸೆಪ್ಟೆಂಬರ್ 15ರಂದು, ಆಸ್ತೂರಿಯಾಸ್ ಪ್ರಾಂತ್ಯದ ಒವಿಯೆದೊದಲ್ಲಿ. ತಾಯಿ ನರ್ಸ್, ತಂದೆ ಪತ್ರಕರ್ತ, ತಂದೆಯ ತಾಯಿ ರೇಡಿಯೊದಲ್ಲಿ ಹೆಸರಾದ ದನಿ. ಸುದ್ದಿಯ ಕಸುಬು ಮನೆಯಲ್ಲೇ ಇತ್ತು. ಮ್ಯಾಡ್ರಿಡ್‌ನ ಕಾಂಪ್ಲುಟೆನ್ಸೆ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿದ ಅವರು ಎಬಿಸಿ ಪತ್ರಿಕೆ, ಇಎಫ್‌ಇ ಸುದ್ದಿಸಂಸ್ಥೆ, ಬ್ಲೂಮ್‌ಬರ್ಗ್ ಮತ್ತು ಸಿಎನ್‌ಎನ್ ಪ್ಲಸ್ ವಾಹಿನಿಗಳಲ್ಲಿ ದುಡಿದು, ಬಳಿಕ ಸರ್ಕಾರಿ ದೂರದರ್ಶನವಾದ ಟಿವಿಇ ಸೇರಿದರು. 30 ವರ್ಷದೊಳಗಿನ ಪತ್ರಕರ್ತರಿಗೆ ಮ್ಯಾಡ್ರಿಡ್ ಪತ್ರಕರ್ತರ ಸಂಘ ಕೊಡುವ ಲಾರ್ರಾ ಪ್ರಶಸ್ತಿಯೂ ಅವರಿಗೆ ಸಂದಿತ್ತು. 2001ರ ದಾಳಿಯ ಬಳಿಕ ನ್ಯೂಯಾರ್ಕ್‌ನಿಂದ, 2002ರಲ್ಲಿ ಪ್ರೆಸ್ಟೀಜ್ ಎಂಬ ತೈಲ ಹಡಗು ಮುಳುಗಿ ಕಡಲತೀರವೆಲ್ಲ ಎಣ್ಣೆಮಯವಾದಾಗ ಸ್ಪೇನಿನದೇ ಗಲೀಸಿಯಾದಿಂದ, 2003ರಲ್ಲಿ ಇರಾಕ್‌ನಿಂದ ವರದಿ ಮಾಡಿದ ಅವರು ಅದೇ ವರ್ಷ ರಾತ್ರಿ ವಾರ್ತೆಯ ನಿರೂಪಕಿಯಾದರು.

ಈ ಭಾಗವನ್ನು ಹೊಗಳಿಕೆಯಿಂದ ತುಂಬಿಸಬೇಡಿ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದಾಗ ಸ್ಥಳದಿಂದಲೇ ನೇರ ವರದಿ ಕೊಟ್ಟ ಸಕಲೇಶಪುರದ ಕಡೆಯ ವರದಿಗಾರರೊಬ್ಬರನ್ನು ಕಂಡು, ನೆಟ್‌ವರ್ಕ್ ಸಿಗದಿದ್ದಾಗ ಏನು ಮಾಡಿದರು, ಖಚಿತವಾಗದ ಸುದ್ದಿಯನ್ನು ಹೇಗೆ ತಡೆದಿಟ್ಟುಕೊಂಡರು ಎಂದು ಕೇಳಿ ತಿಳಿದುಕೊಂಡರೆ, ಗಲೀಸಿಯಾದ ಬಗ್ಗೆ ಬರೆಯುವಾಗ ಯಾವ ವಿವರವನ್ನು ಹುಡುಕಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಮೊದಲ ಮದುವೆಯ ವಿಷಯವನ್ನು ಮುಚ್ಚಿಡಬೇಡಿ, ಎಳೆದಾಡಲೂ ಬೇಡಿ. 1998ರಲ್ಲಿ ಆದ ಆ ಮದುವೆ ಮರುವರ್ಷವೇ ವಿಚ್ಛೇದನದಲ್ಲಿ ಕೊನೆಗೊಂಡಿತು. ಅದು ನೋಂದಣಿ ಮದುವೆಯಾಗಿದ್ದರಿಂದ ಮುಂದೆ ಕ್ಯಾಥೊಲಿಕ್ ವಿಧಿಯ ವಿವಾಹಕ್ಕೆ ಅಡ್ಡಿಯಾಗಲಿಲ್ಲ. ಇಷ್ಟು ಸಾಕು.

ಅರಮನೆಯ ಭಾಗಕ್ಕೆ ಬಂದಾಗ ಒಂದು ದೃಶ್ಯವನ್ನು ಹತ್ತಿರದಿಂದ ತೋರಿಸಿ. ನಿಶ್ಚಿತಾರ್ಥದ ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ, 2003ರ ನವೆಂಬರ್ 6ರಂದು, ಕ್ಯಾಮೆರಾಗಳ ಎದುರು ಮಾತನಾಡುತ್ತಿದ್ದ ಲೆಟೀಸಿಯಾ ಅವರ ಮಾತಿನ ನಡುವೆ, ಮದುವೆಯಾಗಲಿದ್ದ ಯುವರಾಜ ಫೆಲಿಪೆ ಬಾಯಿ ಹಾಕಿದಾಗ, ‘ನನ್ನ ಮಾತು ಮುಗಿಸಲು ಬಿಡು’ ಎಂದು ಲೆಟೀಸಿಯಾ ಹೇಳಿದರು. ಅದನ್ನು ಉದ್ಧಟತನ ಎಂದವರೂ ಇದ್ದರು. ನನಗೆ ಅಲ್ಲಿ ಕಾಣುವುದು ವಾರ್ತೆ ಓದುವವರ ಅಭ್ಯಾಸಬಲ. ನೀವು ತೀರ್ಪು ಕೊಡದೆ ದೃಶ್ಯವನ್ನಷ್ಟೇ ಕೊಟ್ಟರೂ ನಡೆದೀತು.

2004ರ ಮೇ 22ರ ಮದುವೆಗೆ ಒಂದು ಪ್ಯಾರಾ ಮೀಸಲಿಡಿ. ಮ್ಯಾಡ್ರಿಡ್ ರೈಲುಗಳಲ್ಲಿ ಬಾಂಬ್ ಸ್ಫೋಟಿಸಿ ಆಗಿನ್ನೂ ಎರಡು ತಿಂಗಳು ಕಳೆದಿತ್ತಷ್ಟೇ ಎಂಬುದು ಅದರಲ್ಲಿರಲಿ. 2014ರ ಜೂನ್ 19ರಂದು ರಾಣಿಯಾದ ಬಳಿಕದ ಬದುಕನ್ನು ಬರೆಯುವಾಗ, ರಾಜಪ್ರತಿನಿಧಿಯಾಗುವ ಸಂದರ್ಭವೊಂದನ್ನು ಬಿಟ್ಟರೆ ರಾಜನ ಪತ್ನಿಗೆ ಸ್ಪೇನಿನ ಸಂವಿಧಾನ ಯಾವ ಅಧಿಕಾರವನ್ನೂ ಕೊಟ್ಟಿಲ್ಲವೆಂಬುದನ್ನು ಓದುಗರಿಗೆ ತಿಳಿಸಿ. ಪ್ರಶ್ನೆ ಕೇಳುವುದೇ ಕಸುಬಾಗಿದ್ದವರು ರಾಜಕೀಯದ ಬಗ್ಗೆ ಬಹಿರಂಗವಾಗಿ ಮಾತನಾಡದ ಸ್ಥಾನಕ್ಕೆ ಬಂದದ್ದೇ ಈ ಕಥೆಯ ಗಟ್ಟಿ ತಿರುಳು. 2015ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅವರನ್ನು ಪೌಷ್ಟಿಕತೆಯ ವಿಶೇಷ ರಾಯಭಾರಿಯಾಗಿ ನೇಮಿಸಿದ್ದನ್ನು ಇದರ ಪಕ್ಕದಲ್ಲೇ ಇಡಬಹುದು.

ಅರಮನೆಯ ಜಗಳ, ಮುನಿಸುಗಳ ಗಾಳಿಸುದ್ದಿಗೆ ನಮ್ಮ ಜಿಲ್ಲೆಯ ರಾಣಿ ಶಾಂತಲೆಯ ವಿಷಯದಲ್ಲಿ ಅನುಸರಿಸಬೇಕಾದ ಕಟ್ಟುನಿಟ್ಟನ್ನೇ ಅನುಸರಿಸಿ: 1123ರಲ್ಲಿ ಆಕೆ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದ್ದಕ್ಕೆ ಶಾಸನವಿದೆ, ಬೇಲೂರಿನಲ್ಲಿ ಗೈಡ್‌ಗಳು ಹೇಳುವುದಕ್ಕೆಲ್ಲ ಅಂಥ ಆಧಾರವಿಲ್ಲ.

ಲೇಖನದ ಜೊತೆಗೆ ಕೊಡುವ ಚಿತ್ರ ಕಿರೀಟದ್ದಾಗಿರದೆ ವಾರ್ತಾ ಮೇಜಿನದ್ದಾಗಿರಲಿ, ಅಡಿಬರಹದಲ್ಲಿ ಇಸವಿ ತಪ್ಪದೆ ಇರಲಿ.